ದೂರ ಹೊರಟಿರಾ?

ಅವ್ವ ಕಾಣೆಯಾಗುವ ಹಿಂದಿನ ದಿನ ಭಾನುವಾರ. ಆ ದಿನ ನಮ್ಮ ಮನೆಯಲ್ಲಿ ವಿಶೇಷವಾಗಿ ಏನೂ ಆಗಲಿಲ್ಲ. ಅವ್ವ ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಅಡುಗೆಮನೆಯ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದಳು. ಅಷ್ಟು ಹೊತ್ತಿಗಾಗಲೇ ಅವಳಿಗೆ ಎಷ್ಟೋ ಮರೆತುಹೋಗಿತ್ತು. ಅಪ್ಪ ತೀರಿಕೊಂಡದ್ದು ಒಮ್ಮೊಮ್ಮೆ ನೆನಪಿರುತ್ತಿತ್ತು, ಒಮ್ಮೊಮ್ಮೆ ಇರುತ್ತಿರಲಿಲ್ಲ. ಕೈ ಮಾತ್ರ ರೊಟ್ಟಿಯನ್ನು ಮರೆತಿರಲಿಲ್ಲ. ನನ್ನ ಅಣ್ಣನ ಹೆಂಡತಿ, ನಮ್ಮ ಕಡೆ ವೈನಿ ಅನ್ನುತ್ತೇವೆ, ಒಲೆಯ ಮುಂದೆ ನಿಂತು ಬೇಯಿಸುತ್ತಿದ್ದಳು. ಅಣ್ಣ ಹೊರಗೆ ಸ್ಕೂಟರ್ ತೊಳೆಯುತ್ತಿದ್ದ. ನಾನು ಬಟ್ಟೆ ಒಣಹಾಕಲು ತಾರಸಿಗೆ ಹೋದೆ.

ಊಟಕ್ಕೆ ಮುಂಚೆ ಅವ್ವ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎದುರುಮನೆಯ ಅಮ್ಮ ಬಂದು ಪಕ್ಕದಲ್ಲಿ ಕೂತರು. ಅವರು ಹಳೇ ಬೇಗೂರಿನವರು. ನಮ್ಮ ಬಡಾವಣೆ ಇರುವ ಜಾಗದಲ್ಲಿ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರಂತೆ.

“ಏನಕ್ಕಾ, ಇವತ್ತೂ ಬಡುದ್ರಾ ರೊಟ್ಟೀಯ? ನಮ್ ಯಜಮಾನ್ರು ಯಾರೋ ಬಾಗ್ಲು ತಟ್ತವ್ರೆ ಅಂತ ಎದ್ದೋಗಿ ತೆಗುದ್ರು ನೋಡಿ.”

“ತಗದದ್ದು ಛಲೋನ ಆತು. ಹಂಗರೆ ನಿಮ್ಮ ಮನ್ಯಾಗ ಗಾಳಿ ಬರ್ಲಿ,” ಅಂದಳು ಅವ್ವ.

“ಅಯ್ಯೋ, ಮಾತ್ನಲ್ಲಿ ಏನ್ ಕಮ್ಮಿ ಇಲ್ಲ ಬುಡಿ ನಮ್ಮಕ್ಕ.”

ಇಬ್ಬರೂ ನಕ್ಕರು. ಅವ್ವ ಬಿಡಿಸಿದ ಸೊಪ್ಪನ್ನು ಕಡ್ಡಿಯ ಜೊತೆ ಸೇರಿಸಿಬಿಟ್ಟಿದ್ದಳು. ಎದುರುಮನೆಯ ಅಮ್ಮ ಮತ್ತೆ ಬೇರೆ ಮಾಡಿಕೊಟ್ಟರು.

ಸಂಜೆ ಹೊತ್ತಿಗೆ ಅವ್ವನಿಗೆ ಒಂದು ಚಡಪಡಿಕೆ ಶುರುವಾಗುತ್ತಿತ್ತು. ಆ ದಿನವೂ ಶುರುವಾಯಿತು. ಸೆರಗು ಸರಿಮಾಡಿಕೊಂಡು ನನ್ನ ಹತ್ತಿರ ಬಂದು, “ನಡಿ ತಂಗಿ, ನಮ್ಮ ಮನಿಗೆ ಹೋಗೂಣು. ಹೊತ್ತು ಮುಳಗಾಕತ್ತೈತಿ,” ಅಂದಳು. ಇದಕ್ಕೆ ನಮ್ಮಲ್ಲಿ ಒಂದು ಉಪಾಯ ಇತ್ತು. ಇದೇ ನಿನ್ನ ಮನೆ ಎಂದು ವಾದ ಮಾಡುತ್ತಿರಲಿಲ್ಲ. “ನಡಿ ಅವ್ವ” ಎಂದು ಕೈಹಿಡಿದು ಗೇಟಿನಾಚೆ ಕರೆದುಕೊಂಡು ಹೋಗಿ, ಇಸ್ತ್ರಿ ಅಂಗಡಿಯವರೆಗೆ ನಡೆದು, ಹಿಂದಿನ ಬೀದಿಯಿಂದ ತಿರುಗಿ ನಮ್ಮ ಗೇಟಿಗೇ ಬರುತ್ತಿದ್ದೆವು. “ಬಂತು ನೋಡವ್ವ ಮನಿ” ಅಂದರೆ ಅವಳು ಮುಖ ಅರಳಿಸಿ ಒಳಗೆ ಹೋಗಿ ಕಾಲು ತೊಳೆದುಕೊಳ್ಳುತ್ತಿದ್ದಳು. ಆ ಭಾನುವಾರ ನಾನೇ ಕರೆದುಕೊಂಡು ಹೋಗಿ ಬಂದೆ. ಆಮೇಲೆ ಗೇಟಿನ ಚಿಲಕ ಹಾಕಿದೆ. ಬರೀ ಚಿಲಕ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಬೀಗ ಇದ್ದದ್ದು ಬೀರುವಿಗೆ ಮಾತ್ರ.

ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು. ಬೇಗೂರಿನ ಈ ಕಡೆ ಅವರು ಸೈಟು ತೆಗೆದುಕೊಂಡಾಗ ಸುತ್ತ ನೀಲಗಿರಿ ತೋಪು, ರಾಗಿ ಹೊಲ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲು ಕೆಳಗಿನ ಮನೆ ಕಟ್ಟಿದರು, ಎಷ್ಟೋ ವರ್ಷದ ಮೇಲೆ ಮೇಲಿನದು. ಮೇಲೆ ಈಗ ನಮ್ಮ ಕಡೆಯವರೇ ಒಬ್ಬರು, ಗಂಡ ಹೆಂಡತಿ, ಬಾಡಿಗೆಗೆ ಇದ್ದಾರೆ. ಅವನು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ, ಅವಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನಾನು ಬೊಮ್ಮಸಂದ್ರದಲ್ಲಿ ಮಾತ್ರೆ ತಯಾರಿಸುವ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ.

ನಮ್ಮ ಬೀದಿಯ ಮನೆಗಳೆಲ್ಲ ಒಂದೇ ತರಹ. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಎದ್ದವು, ಒಬ್ಬರದನ್ನು ನೋಡಿ ಇನ್ನೊಬ್ಬರು ಕಟ್ಟಿದರು. ಅದೇ ಬೂದು ಗ್ರಾನೈಟಿನ ಮೆಟ್ಟಿಲು, ಸೂರ್ಯನ ಚಿತ್ರ ಇರುವ ಅದೇ ಸ್ಟೀಲ್ ಗೇಟು, ಗೇಟಿನ ಮುಂದೆ ಇಳಿಜಾರು. ಊಟ ತರುವ ಹುಡುಗರು ದಿನಾ ತಪ್ಪು ಮನೆಯ ಬೆಲ್ ಒತ್ತುತ್ತಾರೆ. ನೆನಪು ಗಟ್ಟಿಯಿರುವವರಿಗೇ ಇಲ್ಲಿ ದಾರಿ ತಪ್ಪುತ್ತದೆ. ಆದರೂ ನಮಗೆ ಆವರೆಗೆ ಈ ಜಾಗದ ಬಗ್ಗೆ ಹೆದರಿಕೆ ಇರಲಿಲ್ಲ. ಎಲ್ಲರೂ ಅವ್ವನನ್ನು ಬಲ್ಲವರು. ಯಾರಾದರೂ ನೋಡುತ್ತಾರೆ, ಯಾರಾದರೂ ಹೇಳುತ್ತಾರೆ ಎಂದುಕೊಂಡಿದ್ದೆವು.

ನೋಡಿದರು. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು.

ಸೋಮವಾರ ನನ್ನದು ಮೊದಲ ಪಾಳಿ. ನಾನು ಹೊರಟಾಗ ಅವ್ವ ಮಲಗಿದ್ದಳು. ಅಣ್ಣನೂ ಕೆಲಸಕ್ಕೆ ಹೋದ. ಆಮೇಲೆ ನೀರಿನ ಟ್ಯಾಂಕರ್ ಬಂತು. ಟ್ಯಾಂಕರಿನವನು ಗೇಟು ಪೂರ್ತಿ ತೆರೆದು ಪೈಪು ಎಳೆದು ಸಂಪಿನೊಳಕ್ಕೆ ನೀರು ಬಿಟ್ಟ. ಮೋಟಾರು ಹಾಕಿದರೂ ಮೇಲಿನ ತೊಟ್ಟಿಗೆ ನೀರು ಏರುತ್ತಿಲ್ಲವೆಂದು ವೈನಿ ನೋಡಲು ತಾರಸಿಗೆ ಹೋದಳು. ಇಳಿದು ಬರುವಷ್ಟರಲ್ಲಿ ಟ್ಯಾಂಕರ್ ಹೋಗಿತ್ತು. ಗೇಟು ತೆರೆದಿತ್ತು. ಅವ್ವ ಪೂಜೆಯ ಮೂಲೆಯಲ್ಲಿರಬೇಕು ಎಂದು ವೈನಿ ಅಡುಗೆಮನೆಗೆ ಹೋದಳು. ರೊಟ್ಟಿ ಬಡಿಯಲು ಕರೆಯೋಣ ಎಂದು ಬಂದಾಗಲೇ ಇಲ್ಲ ಎಂದು ಗೊತ್ತಾದದ್ದು. ಅವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಸಂತೆಯ ಬಟ್ಟೆಚೀಲ ಹಿಡಿದು ಹೊರಟಿದ್ದಳು.

ವೈನಿ ಬೀದಿಗೆ ಓಡಿದಳು. ಎದುರುಮನೆಯ ಅಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದವರು, “ಅಕ್ಕ ಆಗ್ಲೇ ವೋದ್ರಲ್ಲ. ನೀನು ವೋಗ್ಲಿಲ್ವಾ?” ಎಂದರು.

“ಎಲ್ಲಿಗಿ ಹೋದ್ರು?”

“ಅದ ನಾನೆಂಗೆ ಕೇಳ್ಲವ್ವ?”

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ, ಹೊರಟವರಿಗೆ ಒಳ್ಳೆಯದಲ್ಲ. ಕೇಳಲೇಬೇಕೆಂದರೆ “ದೂರ ಹೊರಟಿರಾ?” ಅನ್ನಬೇಕು. ಅವರು ಹೇಳುವಂತಿದ್ದರೆ ಹೇಳುತ್ತಾರೆ, ಇಲ್ಲದಿದ್ದರೆ “ಹ್ಞೂಂ, ಇಲ್ಲೇ, ಹೋಗಿ ಬರ್ತೀನಿ” ಎಂದು ನಡೆಯುತ್ತಾರೆ. ಬಾಗಲಕೋಟೆಯಲ್ಲೂ ಇದೇ, ಬೇಗೂರಿನಲ್ಲೂ ಇದೇ. ಚಿಕ್ಕಂದಿನಲ್ಲಿ ನಾನು ಅಪ್ಪ ಚಪ್ಪಲಿ ಮೆಟ್ಟುವಾಗ ಎಲ್ಲಿಗೆ ಎಂದು ಕೇಳಿ ಅವ್ವನ ಕೈಲಿ ತಲೆಗೆ ಮೊಟಕಿಸಿಕೊಂಡಿದ್ದೇನೆ.

ಎದುರುಮನೆಯ ಅಮ್ಮ ಆ ದಿನ ಕೇಳಿದ್ದು ಅದನ್ನೇ. ಮಡಿಕೆ ಮುರಿಯದ ಸೀರೆ, ಕೈಯಲ್ಲಿ ಚೀಲ, ಹಣೆಯಲ್ಲಿ ವಿಭೂತಿ. ಯಾರದೋ ಮನೆಗೆ ಶುಭಕಾರ್ಯಕ್ಕೆ ಹೊರಟಂತೆ ಇದ್ದಳಂತೆ. “ದೂರ ಒಂಟ್ರಾ ಅಕ್ಕ?” ಎಂದರಂತೆ. “ಹೂಂ, ಹೋಗಿ ಬರ್ತೀನಿ” ಎಂದಳಂತೆ ಅವ್ವ. ನಗುತ್ತಾ ಹೇಳಿದಳಂತೆ. ಹಿಂದೆಯೇ ಸೊಸೆ ಬರುತ್ತಾಳೆ ಎಂದುಕೊಂಡು ಅವರು ಒಳಗೆ ಹೋದರು. ಇಸ್ತ್ರಿ ಅಂಗಡಿಯವನೂ ನೋಡಿದ. ಅವನು ಅಷ್ಟೂ ಕೇಳಲಿಲ್ಲ. ಕೈಯೆತ್ತಿ ನಮಸ್ಕಾರ ಮಾಡಿದ, ಅವ್ವ ತಲೆಯಾಡಿಸಿದಳು.

ಮುಖ್ಯರಸ್ತೆಯಲ್ಲಿ ನೋಡಿದವನು ನಮ್ಮ ಮಹಡಿಯ ಮನೆಯವನೇ. ರಾತ್ರಿ ಪಾಳಿ ಮುಗಿಸಿ ಬಂದು ಬಸ್ಸಿಳಿದು ಚಹಾ ಕುಡಿಯುತ್ತಿದ್ದ. “ದೂರ ಹೊಂಟೀರೇನ್ರಿ ಅವ್ವಾರ?” ಎಂದು ಕೇಳಿದ. “ಹೂಂಪಾ, ಮನಿಗೆ ಹೋಗಿ ಬರ್ತೀನಿ” ಎಂದಳು. ಅಲ್ಲಿ ಬೊಮ್ಮಸಂದ್ರದ ಕಡೆ ಹೋಗುವ ಒಂದು ಕಂಪನಿ ಬಸ್ಸು ನಿಂತಿತ್ತು. ಒಳಗೆ ಗುತ್ತಿಗೆ ಕೆಲಸಕ್ಕೆ ಹೋಗುವ ಹೆಂಗಸರು, ಎಲ್ಲ ನಮ್ಮ ಕಡೆಯ ಮಾತು. ಯಾರೋ ಒಬ್ಬಳು ಕಿಟಕಿಯಿಂದ, “ಬಾರಬೇ ಯವ್ವಾ, ಲಗೂನ ಹತ್ತ, ಇಲ್ಲಿ ಜಾಗ ಐತಿ” ಎಂದಳು. ಅವ್ವ ಮೆಟ್ಟಿಲಿಗೆ ಕಾಲಿಟ್ಟಳು. ಮೆಟ್ಟಿಲು ಎತ್ತರ ಇತ್ತು. ಇವನೇ ಹೋಗಿ ಮೊಣಕೈ ಹಿಡಿದು ಹತ್ತಿಸಿದ, ಚೀಲ ಮೇಲೆ ಕೊಟ್ಟ.

“ನಿಮ್ಮ ಸಂಬಂಧಿಕರು ಅಂತ ತಿಳಕೊಂಡೆ ರಿ,” ಎಂದು ಅವನು ಅಣ್ಣನ ಮುಂದೆ ನಿಂತು ಅಳುತ್ತಿದ್ದ. “ಅವರೂ ನಮ್ಮ ಊರ ಮಾತು, ಅವ್ವಾರೂ ನಮ್ಮ ಊರ ಮಾತು. ಎಲ್ಲಿಗಿ ಅಂತ ಹೆಂಗ ಕೇಳ್ಲಿ ರಿ ನಾ?”

ಬಸ್ಸಿನವರು ಅವಳನ್ನು ಇವನ ತಾಯಿ ಎಂದುಕೊಂಡಿರಬೇಕು. ಇವನು ಅವರನ್ನು ಅವಳ ನೆಂಟರೆಂದುಕೊಂಡ. ಸಿಟಿ ಬಸ್ಸಾಗಿದ್ದರೆ ಕಂಡಕ್ಟರ್ ಆದರೂ ಎಲ್ಲಿಗೆ ಎಂದು ಕೇಳುತ್ತಿದ್ದ. ಲೋಕದಲ್ಲಿ ಅದನ್ನು ಕೇಳಲು ಹಿಂಜರಿಯದವನು ಅವನೊಬ್ಬನೇ. ಕಂಪನಿ ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ. ಯಾವ ಕಂಪನಿಯದು ಎಂದರೆ ಅವನಿಗೆ ಗೊತ್ತಿಲ್ಲ. ಬಿಳಿ ಬಸ್ಸು, ಗಾಜಿನ ಒಳಗೆ ಒಂದು ಕಾಗದ. ಹೊಸೂರು ರಸ್ತೆಯಲ್ಲಿ ಓಡುವ ಅಂಥ ಬಸ್ಸುಗಳೆಲ್ಲ ಬಿಳಿಯವೇ.

ನಮ್ಮ ವಿಭಾಗದಲ್ಲಿ ಫೋನು ಒಳಗೆ ಒಯ್ಯುವಂತಿಲ್ಲ. ತಲೆಗೆ ಟೋಪಿ, ಬಾಯಿಗೆ ಮಾಸ್ಕು ಹಾಕಿಕೊಂಡು ಬೆಲ್ಟಿನ ಮುಂದೆ ನಿಂತಿದ್ದೆ. ಸೂಪರ್‌ವೈಸರ್ ಮೇಡಂ ಬಂದು ಗಾಜಿನ ಆಚೆಯಿಂದ ಕೈಸನ್ನೆ ಮಾಡಿದರು. ಅವರ ಮುಖ ನೋಡಿ ಅವ್ವ ಸತ್ತಿದ್ದಾಳೆ ಎಂದುಕೊಂಡೆ. ಕಾಣ್ತಾ ಇಲ್ಲವಂತೆ ಎಂದಾಗ ಒಂದು ಕ್ಷಣ ಉಸಿರು ಬಂತು. ಮರುಕ್ಷಣ ಅದಕ್ಕಿಂತ ಕೆಟ್ಟ ಹೆದರಿಕೆ ಬಂತು. ಸತ್ತಿದ್ದರೆ ಒಂದು ಜಾಗದಲ್ಲಿ ಇರುತ್ತಾಳೆ.

ಕಾರ್ಖಾನೆಯ ಗೇಟಿನಿಂದ ಹೊರಗೆ ಬಂದು ನಿಂತೆ. ವರ್ಷಗಟ್ಟಲೆ ಅದೇ ರಸ್ತೆಯಲ್ಲಿ ಹೋಗಿ ಬಂದಿದ್ದೇನೆ. ಆ ದಿನ ಅದನ್ನು ಹೊಸದಾಗಿ ನೋಡಿದೆ. ಕಂಟೇನರ್ ಲಾರಿಗಳು ಹಾರ್ನ್ ಹೊಡೆಯದೆ ಹಿಂದಕ್ಕೆ ಬರುತ್ತಿದ್ದವು. ಮೋರಿಗೆ ಮುಚ್ಚಿದ್ದ ಚಪ್ಪಡಿಗಳ ನಡುವೆ ಒಬ್ಬರು ಇಳಿಯುವಷ್ಟು ಸಂದು. ಎರಡು ಕಾರ್ಖಾನೆಗಳ ಮಧ್ಯದ ಖಾಲಿ ಜಾಗದಲ್ಲಿ ಎತ್ತರದ ಹುಲ್ಲು, ನಾಯಿಗಳು. ಅವ್ವ ಹತ್ತಿದ ಬಸ್ಸು ಈ ಗೇಟಿನ ಮುಂದೆಯೇ ಹೋಗಿರಬಹುದು. ನಾನು ಒಳಗೆ ಮಾತ್ರೆಯ ಪೆಟ್ಟಿಗೆಗಳಿಗೆ ಲೇಬಲ್ ಸರಿಯಿದೆಯೇ ಎಂದು ನೋಡುತ್ತಿದ್ದೆ. ದಾರಿಯಲ್ಲಿ ಬೆನ್ನು ಕಂಡ ಪ್ರತಿ ಮುದುಕಿಯ ಮುಂದೆ ಹೋಗಿ ಮುಖ ನೋಡಿದೆ.

ಅಣ್ಣ ಅಷ್ಟರಲ್ಲಿ ಬೇಗೂರು ಕೆರೆಯ ಏರಿಯ ಮೇಲೆ ಹೋಗಿ ಬಂದಿದ್ದ. ಬಸ್ಸು ಹತ್ತಿದಳೆಂದು ಗೊತ್ತಾದ ಮೇಲೂ ಹೋಗಿದ್ದ. ಯಾಕೆ ಎಂದು ನಾನು ಕೇಳಲಿಲ್ಲ. ಅವನ ಪ್ಯಾಂಟಿನ ಕಾಲಿಗೆ ಕೆಸರಾಗಿತ್ತು.

ಪೊಲೀಸ್ ಠಾಣೆಯಲ್ಲಿ ಒಬ್ಬ ನಡುವಯಸ್ಸಿನ ಪೇದೆ ನಮ್ಮನ್ನು ಕೂರಿಸಿ ನೀರು ಕೊಟ್ಟರು. ಒಳ್ಳೆಯವರು.

“ಮೈಮೇಲೆ ಒಡವೆ ಏನೇನಿತ್ತಮ್ಮಾ?”

“ಕಿವಿಯೋಲೆ, ಒಂದು ಸರ.”

“ಚಿನ್ನದ್ದಾ?”

“ಹೌದು ಸಾರ್.”

ಅವರು ತಲೆಯಾಡಿಸಿ ಬರೆದುಕೊಂಡರು. ಯಾಕೆ ತಲೆಯಾಡಿಸಿದರು ಎಂದು ನನಗೆ ಅರ್ಥವಾಯಿತು. ಆಮೇಲೆ ಫೋಟೋ ಕೇಳಿದರು. ಮನೆಯಲ್ಲಿ ಅಷ್ಟು ಫೋನು, ಅಷ್ಟು ಫೋಟೋ. ಅವ್ವನ ಮುಖ ಸರಿಯಾಗಿ ಕಾಣುವ ಒಂದೂ ಇರಲಿಲ್ಲ. ಯಾರಾದರೂ ಫೋನು ಎತ್ತಿದರೆ ಸೆರಗು ಮುಖಕ್ಕೆ ಎಳೆದುಕೊಳ್ಳುವುದು ಅವಳ ಅಭ್ಯಾಸ. ಕೊನೆಗೆ ಒಂದರಲ್ಲಿ ರೊಟ್ಟಿ ಹಂಚಿನ ಹಿಂದೆ ಅರ್ಧ ಮುಖ ಸಿಕ್ಕಿತು.

“ಬೀದೀಲಿ ಅಷ್ಟು ಜನ ನೋಡಿದಾರೆ ಅಂತೀರಾ. ಒಬ್ರಾದ್ರೂ ಎಲ್ಲಿಗೆ ಹೋಗ್ತಿದೀಯಮ್ಮ ಅಂತ ಕೇಳ್ಬಾರ್ದಾ?” ಎಂದರು ಪೇದೆ.

ನಮ್ಮ ಜೊತೆ ಬಂದಿದ್ದ ಎದುರುಮನೆಯ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು, “ನೀವ್ ಬೆಳಗ್ಗೆ ಮನೆ ಬುಡುವಾಗ ನಿಮ್ ಎಂಡ್ರು ಕೇಳ್ತಾರಾ ಸಾಮೀ, ಎಲ್ಗೆ ಅಂತ?” ಎಂದರು.

ಪೇದೆ ಪೆನ್ನು ಕೆಳಗಿಟ್ಟರು. “ಕೇಳಲ್ಲ ಬಿಡಿ,” ಎಂದರು.

ಆ ರಾತ್ರಿ ನಾವು ಗೇಟು ತೆರೆದೇ ಇಟ್ಟೆವು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಮರುದಿನ ಮಹಡಿಯ ಮನೆಯವನು ತನ್ನ ಕಡೆಯವರಿಗೆಲ್ಲ ಆ ಅರ್ಧ ಮುಖದ ಫೋಟೋ ಕಳಿಸಿದ. ಅವನು, ಅಣ್ಣ, ನಾನು ಮೂವರೂ ಬೊಮ್ಮಸಂದ್ರದ ಹಿಂದಿನ ಬೀದಿಗಳಲ್ಲಿ ತಿರುಗಿದೆವು. ಬಾಡಿಗೆಯ ಒಂಟಿಕೋಣೆಗಳ ಸಾಲು, ಹೊರಗೆ ಪ್ಲಾಸ್ಟಿಕ್ ಬಿಂದಿಗೆಗಳು, ಹಗ್ಗದ ಮೇಲೆ ಒಂದೇ ಬಣ್ಣದ ಸಮವಸ್ತ್ರಗಳು. ಅದರಾಚೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳು. ಕೇಳಿದ ಕಡೆಯೆಲ್ಲ ಅವ್ವನ ಮಾತು. ಅದೇ ಎಳೆತ, ಅದೇ ಬೈಗುಳ. ಎಲ್ಲೋ ಒಂದು ಕೋಣೆಯೊಳಗೆ ರೊಟ್ಟಿ ಬಡಿಯುವ ಸದ್ದು ಕೇಳಿ ನಾನು ಹೇಳದೆ ಕೇಳದೆ ಒಳಗೆ ನುಗ್ಗಿಬಿಟ್ಟೆ. ಒಬ್ಬಳು ಎಳೆಯ ಹುಡುಗಿ, ಹಿಟ್ಟಿನ ಕೈಯಲ್ಲೇ ಬೆಚ್ಚಿ ಎದ್ದು ನಿಂತಳು.

“ಯಾರ ಬೇಕಾಗಿತ್ತು ರಿ ಅಕ್ಕಾರ?”

ನಾನು ಫೋನು ತೆಗೆದು ಆ ಅರ್ಧ ಮುಖ ತೋರಿಸಿದೆ.

ಮಧ್ಯಾಹ್ನ ಮಹಡಿಯ ಮನೆಯವನ ಫೋನಿಗೆ ಒಂದು ಕರೆ ಬಂತು. ಹೆಂಗಸಿನ ದನಿ. “ನೀವು ಹುಡಕಾಕತ್ತಿದ್ದ ಯವ್ವ ಇಲ್ಲೆ ಬಸ್ ಸ್ಟಾಪಿನ್ಯಾಗ ಕುಂತಾಳ. ಲಗೂ ಬರ್ರಿ.” ಯಾವ ಸ್ಟಾಪು ಎಂದು ಹೇಳಿ, ನೀವು ಯಾರು ಎಂದು ಅವನು ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು. ತಿರುಗಿ ಮಾಡಿದರೆ ಎತ್ತಲಿಲ್ಲ. ಆಮೇಲೆ ಆ ಫೋನೇ ಬಂದ್ ಆಗಿಹೋಯಿತು.

ಅವ್ವ ಕೂತಿದ್ದಳು. ಬಸ್ ತಂಗುದಾಣದ ಕಬ್ಬಿಣದ ಬೆಂಚಿನ ತುದಿಯಲ್ಲಿ, ಕಾಲು ಜೋಡಿಸಿಕೊಂಡು, ಬಸ್ಸಿಗೆ ಕಾಯುವವರಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ಮೈಮೇಲೆ ಇದ್ದದ್ದು ಅವಳ ಸೀರೆಯಲ್ಲ. ಹಳದಿ ಹೂವಿನ ನೈಲಾನ್ ಸೀರೆ, ತುಂಬ ಉಟ್ಟು ಮೆತ್ತಗಾದದ್ದು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಗಟ್ಟಿಯಾಗಿ ತುರುಬು ಕಟ್ಟಿದ್ದರು. ಹಣೆಯಲ್ಲಿ ಆ ದಿನದ ಹೊಸ ವಿಭೂತಿ. ಚೀಲದಲ್ಲಿ ಅವಳ ಇಳಕಲ್ ಸೀರೆ ಒಗೆದು ಮಡಿಸಿ ಇಟ್ಟಿದ್ದರು, ಇನ್ನೂ ಒದ್ದೆಯಿತ್ತು. ಕಿವಿಯೋಲೆ, ಸರ ಎರಡೂ ಇದ್ದವು.

ಮನೆಗೆ ಬಂದ ಮೇಲೆ ವೈನಿ ಬಚ್ಚಲಲ್ಲಿ ಅವಳ ಮೈ ಎಲ್ಲ ನೋಡಿದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಒಂದು ಮೊಣಕಾಲು ತರಚಿತ್ತು, ಅದಕ್ಕೆ ಅರಿಶಿನ ಹಚ್ಚಿದ್ದರು. “ಬ್ಯಾರೆ ಏನೂ ಇಲ್ಲ,” ಎಂದಳು ವೈನಿ ಹೊರಗೆ ಬಂದು. ಎರಡು ಸಲ ಹೇಳಿದಳು. ಹಾಗಾದರೆ ಸೀರೆ ಯಾಕೆ ಒಗೆದರು? ಎಲ್ಲಿ ಬಿದ್ದಳು? ಬಿದ್ದಾಗ ಯಾರಿದ್ದರು? ಒಳ್ಳೆಯದನ್ನು ಮಾಡಿದವರು ಯಾಕೆ ಓಡಿಹೋದರು?

“ಪೊಲೀಸರ ತನಾ ಹೋಗೇತಿ ಅಂತ ತಿಳದಿರತೈತಿ ರಿ. ಮುದುಕಿನ್ನ ನೀವ ಒಯ್ದೀರಿ ಅಂದ್ರ ಏನ ಮಾಡ್ತಾರ ಅವರು? ದುಡ್ಯಾಕ ಬಂದವರು,” ಎಂದ ಮಹಡಿಯ ಮನೆಯವನು. ಅದು ಸರಿಯಿರಬಹುದು.

ನಾನು ಅವ್ವನ ಮುಂದೆ ಕೂತೆ. “ರಾತ್ರಿ ಎಲ್ಲಿದ್ದೆವ್ವ?”

“ಮನ್ಯಾಗ.”

“ಯಾರ ಮನ್ಯಾಗ?”

“ಯಾರ ಮನಿ ಅಂದ್ರ? ನಮ್ಮ ಮನ್ಯಾಗ.” ನಾನೇನೋ ಹುಚ್ಚು ಮಾತು ಆಡಿದೆ ಎಂಬಂತೆ ನೋಡಿದಳು.

“ಯಾರ್‍ಯಾರು ಇದ್ರು?”

“ಎಲ್ಲಾರೂ ಇದ್ದರು.”

ಅಷ್ಟೇ. ಆಮೇಲೆ ಎಷ್ಟು ಸಲ ಕೇಳಿದರೂ ಅಷ್ಟೇ. ಒಂದು ಸಲ ಮಾತ್ರ, ಕೇಳದೆಯೇ, “ಆ ಹುಡುಗಿ ಬಾಣಂತಿ ಐತಿ, ಭಾರ ಎತ್ತಬಾರದು” ಎಂದಳು. ಯಾವ ಹುಡುಗಿ ಎಂದರೆ ಗೋಡೆಯ ಕಡೆ ತಿರುಗಿ ಮಲಗಿದಳು.

ಅವ್ವ ಸಿಕ್ಕಿದಳು, ಹೆದರಿಕೆ ಹೋಗಲಿಲ್ಲ. ಅದು ಗೇಟಿಗೆ ಬಂದು ಸೇರಿಕೊಂಡಿತು. ಅಣ್ಣ ದೊಡ್ಡ ಬೀಗ ತಂದ. ಬೀಗದ ಕೈ ವೈನಿಯ ಕೊರಳಲ್ಲಿ, ದಾರಕ್ಕೆ ಕಟ್ಟಿ. ಗೇಟಿನ ಮೇಲೆ ಕ್ಯಾಮೆರಾ ಬಂತು. ಬೆಲ್ಟಿನ ಮುಂದೆ ನಿಂತಾಗ ನನಗೆ ಅಷ್ಟು ದೂರದಲ್ಲಿದ್ದ ನಮ್ಮ ಗೇಟಿನ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ಸಂಜೆ ಕೈಹಿಡಿದು ಒಂದು ಸುತ್ತು ಹೋಗಿ ಬರುವ ಉಪಾಯವನ್ನು ಬಿಟ್ಟೆವು. ಗೇಟಿನಾಚೆ ಅವಳ ಕೈ ಹಿಡಿಯಲು ನನಗೆ ನನ್ನ ಕೈಯ ಮೇಲೇ ನಂಬಿಕೆ ಇರಲಿಲ್ಲ. ಹೀಗೆ ಅವಳು ಮನೆಗೆ ಬಂದು ಮುಟ್ಟುವುದು ನಿಂತಿತು. ಮನೆಯೊಳಗೇ ಇದ್ದು ದಿನಾ ಸಂಜೆ ಮನೆಗೆ ಹೋಗೂಣು ಎಂದು ಅಳುವುದು ಶುರುವಾಯಿತು.

ಬೀದಿಯಲ್ಲೂ ಒಂದು ಬದಲಾವಣೆ ಆಯಿತು. ಎಲ್ಲರೂ ಎಲ್ಲರನ್ನೂ ಎಲ್ಲಿಗೆ ಎಂದು ಕೇಳತೊಡಗಿದರು. ಎದುರುಮನೆಯ ಅಮ್ಮ ಮೊದಲು. ಅವರ ಯಜಮಾನರು ಒಂದು ದಿನ ಬೀದಿಗೆ ಕೇಳುವಂತೆ ರೇಗಿದರು: “ಬೀಡಿ ತರಾಕ್ ವೋಯ್ತೀನಿ ಕಣಮ್ಮೀ! ಬೀದಿ ಕೊನೇಗೆ! ಅಲ್ಲಿಂದ ವಾಪಸ್ ಬತ್ತೀನಿ! ಸಾಕಾ?” ಎಲ್ಲರೂ ನಕ್ಕರು. ಅವ್ವನೂ ಗೇಟಿನ ಸರಳು ಹಿಡಿದು ನಿಂತವಳು ನಕ್ಕಳು. ಅವಳೂ ಕೇಳುತ್ತಿದ್ದಳು. ನನ್ನ ತಲೆಗೆ ಮೊಟಕಿದವಳು, ಈಗ ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಸರಳಿನ ಸಂದಿಯಿಂದ ಕರೆದು, “ಎಲ್ಲಿಗಿ ಹೊಂಟಿ? ನಾನೂ ಬರ್ಲೇನು?” ಎನ್ನುತ್ತಿದ್ದಳು. ಕೆಲವರು, “ಬನ್ನಿ ಅಜ್ಜಿ, ಹೋಗೋಣ” ಎಂದು ತಮಾಷೆಗೆ ಅಂದುಬಿಡುತ್ತಿದ್ದರು. ಅಂಥವರ ಮೇಲೆ ನಾನು ಕೂಗಾಡಿದ್ದೇನೆ. ನಾನು ಕೂಗಾಡುವವಳಲ್ಲ.

ಆ ಹಳದಿ ಹೂವಿನ ಸೀರೆಯನ್ನು ಒಗೆದು ಮಡಿಸಿ, ರಜೆ ಸಿಕ್ಕಾಗಲೆಲ್ಲ ಚೀಲದಲ್ಲಿ ಹಾಕಿಕೊಂಡು ಬೊಮ್ಮಸಂದ್ರದ ಆ ಬೀದಿಗಳಿಗೆ ಹೋಗುತ್ತಿದ್ದೆ. ಬಾಣಂತಿ ಇರುವ ಮನೆ ಯಾವುದಾದರೂ ಇದೆಯೇ ಎಂದು ಕೇಳುತ್ತಿದ್ದೆ. ಸೀರೆ ತೋರಿಸಿದರೆ ಹೆಂಗಸರು ಹಿಂದೆ ಸರಿಯುತ್ತಿದ್ದರು. “ನಮ್ಮದಲ್ಲ ರಿ” ಎಂದು, ನೋಡುವ ಮೊದಲೇ. ಒಂದು ಸಲ ಹೋದಾಗ ತಗಡಿನ ಶೆಡ್ಡುಗಳೇ ಇರಲಿಲ್ಲ. ಕಟ್ಟಡ ಮುಗಿದಿತ್ತು, ಕೆಲಸದವರನ್ನು ಬೇರೆ ಕಡೆ ಕರೆದುಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಕಾವಲುಗಾರನನ್ನು ಕೇಳಿದೆ. ವೈಟ್‌ಫೀಲ್ಡ್ ಕಡೆ ಇರಬಹುದು, ಇಲ್ಲದಿದ್ದರೆ ಪೀಣ್ಯ ಎಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೆ ಜ್ವರ ಬಂತು. ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಎಂದರು. ಕೊನೆಯ ದಿನಗಳಲ್ಲಿ ಅವಳು ನಮ್ಮ ಯಾರ ಹೆಸರನ್ನೂ ಹೇಳಲಿಲ್ಲ. ನನ್ನ ಕೈಹಿಡಿದು, “ಬಾಗಲಾ ತಗಿ, ಅವರು ಕಾಯಾಕತ್ತಿರ್ತಾರ. ನಮ್ಮ ಮನಿಗೆ ಹೋಗೂಣು,” ಎಂದಳು. ಹಿಂದೆಲ್ಲ ಈ ಮಾತು ಅಂದಾಗ ಊರಿನ ಮನೆ ಎಂದು ತಿಳಿಯುತ್ತಿದ್ದೆ. ಆ ದಿನ ನನಗೆ ಬೇರೆಯದೇ ಹೆದರಿಕೆ ಆಯಿತು. ಅವಳು ಕೇಳುತ್ತಿರುವುದು ಊರಿನ ಮನೆಯಲ್ಲ, ಅಪ್ಪ ಕಟ್ಟಿದ ಈ ಮನೆಯೂ ಅಲ್ಲ, ಆ ಒಂದು ರಾತ್ರಿ ಅವಳ ತಲೆ ಬಾಚಿದವರ ಕೋಣೆ ಇರಬಹುದೇ ಎಂದು. ಇದ್ದರೂ ಕರೆದುಕೊಂಡು ಹೋಗಲು ನನಗೆ ದಾರಿ ಗೊತ್ತಿರಲಿಲ್ಲ.

“ಹೋಗೂಣವ್ವ,” ಎಂದೆ.

ಮರುದಿನ ಬೆಳಿಗ್ಗೆ ಅವ್ವ ಹೋದಳು. ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ ಮಣ್ಣಿಗಿಟ್ಟೆವು. ಬೀದಿಯವರೆಲ್ಲ ಬಂದಿದ್ದರು. ಗೇಟಿನ ಬೀಗ ಆ ದಿನ ತೆಗೆದದ್ದು, ಮತ್ತೆ ಹಾಕಿಲ್ಲ. ಆದರೂ ಹೊರಗೆ ಬಿಳಿ ಬಸ್ಸೊಂದು ನಿಧಾನ ಮಾಡಿದರೆ ನಾನೂ ವೈನಿಯೂ ಒಟ್ಟಿಗೇ ತಲೆಯೆತ್ತುತ್ತೇವೆ.

ಅವ್ವನ ಬದುಕಿನಲ್ಲಿ ನನಗೆ ಗೊತ್ತಿಲ್ಲದ ರಾತ್ರಿಗಳು ಎಷ್ಟೋ ಇದ್ದಿರಬೇಕು. ಅವುಗಳ ಬಗ್ಗೆ ನನಗೆ ಯೋಚನೆ ಬರುವುದಿಲ್ಲ. ಆ ಸೋಮವಾರದ ರಾತ್ರಿ ಅವಳು ಯಾರ ಮನೆಯಲ್ಲಿ ಉಂಡಳು, ಯಾರ ಪಕ್ಕದಲ್ಲಿ ಮಲಗಿದಳು ಎಂಬುದು ಮಾತ್ರ ನಮಗೆ ಇನ್ನೂ ಗೊತ್ತಾಗಿಲ್ಲ.